ಸರದಿಗೆ ಕಾಯುವ ಯುದ್ಧ

ಬ್ಯಾಟಲ್ ಫಾರ್ ವೆಸ್ನೋತ್ ಎಂಬುದು ಸರದಿಯ ಮೇಲೆ ಆಡುವ ಯುದ್ಧದ ಕಂಪ್ಯೂಟರ್ ಆಟ. ತನ್ನ ಸರದಿ ಬಂದಾಗ ಆಟಗಾರ ದಂಡಿನ ಒಬ್ಬೊಬ್ಬರನ್ನೂ ನಡೆಸುತ್ತಾನೆ, ಬೇಕಾದ ಕಡೆ ಹೊಡೆದಾಟಕ್ಕೆ ಇಳಿಸುತ್ತಾನೆ, ಕೊನೆಗೆ ಸರದಿ ಬಿಟ್ಟುಕೊಡುತ್ತಾನೆ. ಎದುರಾಳಿ ಇನ್ನೊಬ್ಬ ಮನುಷ್ಯನಾಗಿರಬಹುದು, ಕಂಪ್ಯೂಟರೇ ಆಗಿರಬಹುದು. ಬಂದೂಕು ಹಿಡಿದು ಓಡುವ ಮೊಬೈಲ್ ಆಟಗಳಲ್ಲಿ ಗೆಲ್ಲಿಸುವುದು ಬೆರಳಿನ ಚುರುಕು. ಇಲ್ಲಿ ಕಂಪ್ಯೂಟರಿನ ಎದುರು ಆಡುವಾಗ ಒಂದು ನಡೆಗೆ ಒಂದು ಗಂಟೆ ಯೋಚಿಸಿದರೂ ಅವಸರಪಡಿಸುವವರಿಲ್ಲ. ಡೇವಿಡ್ ವೈಟ್ ಎಂಬ ಪ್ರೋಗ್ರಾಮರ್ ಬಿಡುವಿನ ವೇಳೆಯಲ್ಲಿ ಬರೆದು 2003ರ ಜೂನ್‌ನಲ್ಲಿ ಹೊರತಂದ ಈ ಆಟವನ್ನು ಅಂದಿನಿಂದ ಇಂದಿನವರೆಗೆ ಬೆಳೆಸಿಕೊಂಡು ಬಂದವರು ಸ್ವಯಂಸೇವಕರು. ಅದಕ್ಕೆ ಬೆಲೆಯಿಲ್ಲ, ನಡುವೆ ಜಾಹೀರಾತು ಬರುವುದಿಲ್ಲ. ಅದರ ಮೂಲ ಬರಹವನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಹಂಚಬಹುದು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳಲ್ಲಿ ಮಕ್ಕಳ ಕಂಪ್ಯೂಟರ್ ಆಟದ ಮಾತು ಬಂದಾಗಲೆಲ್ಲ ಹಿರಿಯರು ಕೇಳುವ ಪ್ರಶ್ನೆ ಒಂದೇ: ಯುದ್ಧದ ಆಟದಿಂದ ಮಕ್ಕಳು ಕಲಿಯುವುದಾದರೂ ಏನು? ಎಲ್ಲ ಆಟಗಳಿಗೂ ಸೇರಿಸಿ ಒಂದೇ ಉತ್ತರ ಹೇಳಲು ಬರುವುದಿಲ್ಲ. ಈ ಒಂದು ಆಟದ ಮಟ್ಟಿಗೆ, ಒಳಗೆ ಹೊಕ್ಕು ನೋಡಿದರೆ ಉತ್ತರ ಸಿಗುತ್ತದೆ.

ಯುದ್ಧವನ್ನು ಸರದಿಯ ಆಟಕ್ಕೆ ಇಳಿಸುವ ಬುದ್ಧಿ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಆಟಗಳಿಗಾಗಿಯೇ ಮೀಸಲಾದ ಭಾಗವಿದೆ, ಅದರಲ್ಲಿ ಚದುರಂಗದ ವಿವರಣೆಯೂ ಇದೆ. ಶಿರಸಿ ತಾಲ್ಲೂಕಿನ ಬನವಾಸಿ ಆಗ ಆ ಚಾಲುಕ್ಯರ ಆಡಳಿತದ ದೊಡ್ಡ ನಾಡುಗಳಲ್ಲಿ ಒಂದಾಗಿತ್ತು. ಏಳು ಶತಮಾನಗಳ ನಂತರ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳನ್ನು ಪಾಂಡಿತ್ಯದ ವಿಷಯವನ್ನಾಗಿ ಮಾಡಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ‘ಕೌತುಕನಿಧಿ’ ಆಟಗಳಿಗೆ ಸಂಬಂಧಿಸಿದ್ದು. ಚದುರಂಗದ ಕುದುರೆ ಒಂದು ಮನೆಯನ್ನೂ ಬಿಡದೆ, ಒಂದಕ್ಕೂ ಎರಡನೆಯ ಸಲ ಕಾಲಿಡದೆ ಇಡೀ ಮಣೆಯನ್ನು ಸುತ್ತಿಬರುವ ದಾರಿಗಳನ್ನು ಅವರು ಕಟ್ಟಿದ್ದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಈ ಪರಂಪರೆಯ ಮಣೆಗಳನ್ನು ಮತ್ತೆ ಜನರ ಕೈಗೆ ತಂದಿದೆ.

ಅರಮನೆಯ ಹೊರಗೆ ಊರೂರಲ್ಲಿ ಆಡುತ್ತಿದ್ದುದು ಹುಲಿ-ಕುರಿ ಆಟ. ಹಂಪಿಯ ಗುಡಿಮಂಟಪಗಳ ಕಲ್ಲುಹಾಸಿನಲ್ಲಿ ಇಂಥ ಆಟದ ಮಣೆಗಳನ್ನು ಕೊರೆದಿರುವುದು ಈಗಲೂ ಕಾಣುತ್ತದೆ. ಹೆಚ್ಚಾಗಿ ಆಡುವ ಬಗೆಯಲ್ಲಿ ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕೊಲ್ಲುತ್ತದೆ. ಕುರಿಗೆ ಕೊಲ್ಲುವ ಶಕ್ತಿಯಿಲ್ಲ, ಹುಲಿಗೆ ಕದಲಲು ಜಾಗವಿಲ್ಲದ ಹಾಗೆ ಸುತ್ತುಗಟ್ಟಿ ಕೂಡಿಹಾಕುವುದೇ ಅದರ ಗೆಲುವು. ಚದುರಂಗದಲ್ಲಿ ಎರಡೂ ಕಡೆಯ ಸೈನ್ಯ ಸರಿಸಮ. ಹುಲಿ-ಕುರಿಯಲ್ಲಿ ಕಾಯಿಗಳ ಸಂಖ್ಯೆಯೂ ಬೇರೆ, ಶಕ್ತಿಯೂ ಬೇರೆ, ಗೆಲ್ಲುವ ದಾರಿಯೂ ಬೇರೆ. ವೆಸ್ನೋತ್ ಈ ವಿಷಯದಲ್ಲಿ ಚದುರಂಗಕ್ಕಿಂತ ಹುಲಿ-ಕುರಿಗೆ ಹತ್ತಿರದ್ದು. ಅದರ ಪಕ್ಷಗಳಲ್ಲಿ ಮನುಷ್ಯರಿದ್ದಾರೆ, ಕಾಡಿನಲ್ಲಿ ಬಲ ಹೆಚ್ಚುವ ಎಲ್ಫ್ ಎಂಬ ಕಾಲ್ಪನಿಕ ಜನರಿದ್ದಾರೆ, ಅಗ್ಗದ ಬೆಲೆಗೆ ಗುಂಪುಗುಂಪಾಗಿ ಸಿಗುವ ಓರ್ಕ್ ಎಂಬ ರಾಕ್ಷಸರಂಥವರಿದ್ದಾರೆ, ಕತ್ತಿಗೂ ಬಾಣಕ್ಕೂ ಸುಲಭವಾಗಿ ಬಗ್ಗದ ಅಸ್ಥಿಪಂಜರಗಳಿವೆ. ಅಸ್ಥಿಪಂಜರವನ್ನು ಈಟಿಯಿಂದ ತಿವಿದು ಪ್ರಯೋಜನವಿಲ್ಲ, ಗದೆಯಿಂದ ಜಜ್ಜಬೇಕು ಅಥವಾ ಬೆಂಕಿ ಹಾಕಬೇಕು. ಯಾರ ಮೇಲೆ ಯಾರನ್ನು ಬಿಡಬೇಕು ಎಂಬ ಲೆಕ್ಕ ಆಟದ ಮೊದಲ ಸರದಿಯಿಂದಲೇ ಶುರುವಾಗುತ್ತದೆ.

ಚದುರಂಗದ ಮಣೆಯಲ್ಲಿ ಗುಡ್ಡವಿಲ್ಲ, ಹೊಳೆಯಿಲ್ಲ. 64 ಮನೆಗಳೂ ಒಂದೇ ಬಗೆಯ ನೆಲ. ಯುದ್ಧದ ಆಟಕ್ಕೆ ನೆಲವನ್ನೂ ಅದೃಷ್ಟವನ್ನೂ ಗಟ್ಟಿಯಾಗಿ ತಂದುಕೊಟ್ಟವರು ಪ್ರಷ್ಯಾದ ಸೈನ್ಯಾಧಿಕಾರಿಗಳು. ರೈಸ್‌ವಿಟ್ಜ್ ಎಂಬ ಅಧಿಕಾರಿ 1824ರಲ್ಲಿ ಪ್ರಕಟಿಸಿದ ಕ್ರೀಗ್‌ಸ್ಪೀಲ್ ಆಟವನ್ನು ನಿಜವಾದ ನೆಲದ ನಕ್ಷೆಯ ಮೇಲೆ, ದಾಳ ಹಾಕಿ, ತೀರ್ಪುಗಾರನ ಎದುರು ಆಡುತ್ತಿದ್ದರು. ಅಧಿಕಾರಿಗಳ ತರಬೇತಿಯೇ ಅದರ ಉದ್ದೇಶ. ಮುಂದೆ 1961ರಲ್ಲಿ ಅಮೆರಿಕದ ಅವಲಾನ್ ಹಿಲ್ ಕಂಪನಿ ತನ್ನ ಗೆಟ್ಟಿಸ್‌ಬರ್ಗ್ ಆಟದ ನಕ್ಷೆಯಲ್ಲಿ ಚೌಕದ ಬದಲು ಆರು ಮೂಲೆಯ ಮನೆಗಳನ್ನು ಬಳಸಿತು. ಚೌಕದ ಮಣೆಯಲ್ಲಿ ಓರೆಯಾಗಿ ಇಡುವ ಹೆಜ್ಜೆ ನೇರ ಹೆಜ್ಜೆಗಿಂತ ಉದ್ದ. ಆರು ಮೂಲೆಯ ಮನೆಗಳಲ್ಲಿ ಆರೂ ದಿಕ್ಕಿನ ಹೆಜ್ಜೆ ಒಂದೇ ಅಳತೆಯದು. ವೆಸ್ನೋತ್‌ನ ನಕ್ಷೆಯೂ ಜೇನುಹುಟ್ಟಿನ ಹಾಗೆ ಆರು ಮೂಲೆಯ ಮನೆಗಳಿಂದಲೇ ಆದದ್ದು.

ಡೇವಿಡ್ ವೈಟ್‌ಗೆ ಸ್ಫೂರ್ತಿಯಾದದ್ದು ಸೆಗಾ ಕಂಪನಿಯ ಆಟದ ಯಂತ್ರದಲ್ಲಿ ಆಡುತ್ತಿದ್ದ ಮಾಸ್ಟರ್ ಆಫ್ ಮಾನ್‌ಸ್ಟರ್ಸ್ ಮತ್ತು ವಾರ್‌ಸಾಂಗ್ ಎಂಬ ಎರಡು ಜಪಾನಿ ಆಟಗಳು. ನಿಯಮ ಸರಳವಾಗಿರಬೇಕು, ಆದರೆ ಕಂಪ್ಯೂಟರನ್ನು ಸೋಲಿಸುವುದು ಸುಲಭವಾಗಬಾರದು ಎಂಬುದು ಅವರ ಆಸೆ. ಮೊದಲ ಆವೃತ್ತಿಯ ಚಿತ್ರಗಳು ತೀರ ಒರಟಾಗಿದ್ದವು. ಆಟ ಹೊರಬಂದು ಹೆಚ್ಚು ದಿನ ಕಳೆಯುವ ಮೊದಲೇ ಫ್ರಾನ್ಸಿಸ್ಕೊ ಮುನೋಜ್ ಎಂಬ ಚಿತ್ರಕಾರ ಹೊಸ ಚಿತ್ರಗಳನ್ನು ಬರೆದುಕೊಟ್ಟರು. ಹಾಗೆ ಒಬ್ಬರ ನಂತರ ಒಬ್ಬರು ಸಂಗೀತ, ಕಥೆ, ನಕ್ಷೆ, ಅನುವಾದ ಹಿಡಿದು ಬಂದರು. 1.0 ಎಂಬ ಮೊದಲ ಪೂರ್ಣ ಆವೃತ್ತಿ 2005ರ ಅಕ್ಟೋಬರ್‌ನಲ್ಲಿ ಬಂತು, 1.18 ಆವೃತ್ತಿ ಬಂದದ್ದು 2024ರಲ್ಲಿ. ಎಷ್ಟೋ ದುಬಾರಿ ಆಟಗಳು ಎರಡು ಮೂರು ವರ್ಷಗಳಲ್ಲಿ ಜನರ ನೆನಪಿನಿಂದ ಅಳಿಸಿಹೋದ ಕಾಲದಲ್ಲಿ ಯಾರದೂ ಅಲ್ಲದ ಈ ಆಟ ಎರಡು ದಶಕ ದಾಟಿದೆ. ಅದನ್ನು ನಿಲ್ಲಿಸುವ ಅಧಿಕಾರ ಯಾವ ಮಾಲೀಕನ ಕೈಯಲ್ಲೂ ಇಲ್ಲದಿರುವುದು ಅದಕ್ಕೆ ಒಂದು ದೊಡ್ಡ ಕಾರಣ.

ಆಟದ ಒಳಗಿನ ಯುದ್ಧವನ್ನು ನಡೆಸುವುದು ನೆಲ, ಹೊತ್ತು ಮತ್ತು ಹಣ. ಇವುಗಳಲ್ಲಿ ಮುಖ್ಯವಾದದ್ದು ನೆಲ. ಏಟು ತಗಲುತ್ತದೋ ತಪ್ಪುತ್ತದೋ ಎಂಬುದನ್ನು ಸಾಮಾನ್ಯವಾಗಿ ಹೊಡೆಯುವವನ ಕೌಶಲ ನಿರ್ಧರಿಸುವುದಿಲ್ಲ, ಏಟು ತಿನ್ನುವವನು ನಿಂತ ನೆಲ ನಿರ್ಧರಿಸುತ್ತದೆ. ಮನುಷ್ಯ ಪಕ್ಷದ ಸಾಮಾನ್ಯ ಕಾಲಾಳು ಹಳ್ಳಿಯ ಮನೆಗಳ ಮರೆಯಲ್ಲೋ ಬೆಟ್ಟದ ಮೇಲೋ ನಿಂತರೆ ಅವನಿಗೆ ಏಟು ತಗಲುವ ಸಾಧ್ಯತೆ ನೂರಕ್ಕೆ 40. ಬಯಲು ಹುಲ್ಲಿನಲ್ಲಿ ಅದು 60ಕ್ಕೆ ಏರುತ್ತದೆ. ಹೊಳೆಯ ನೀರಿನಲ್ಲೋ ಜೌಗಿನಲ್ಲೋ ಸಿಕ್ಕಿಬಿದ್ದರೆ 80. ಇದರ ಪರಿಣಾಮ ಎಷ್ಟೆಂದು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. 14 ಚಿನ್ನದ ನಾಣ್ಯಕ್ಕೆ ಸಿಗುವ ಈಟಿಯಾಳು ಒಂದು ಸಲಕ್ಕೆ ಮೂರು ಏಟು ಹೊಡೆಯುತ್ತಾನೆ, ತಗಲಿದ ಏಟೊಂದಕ್ಕೆ ಎದುರಾಳಿಯ 7 ಅಂಶ ಪ್ರಾಣ ಹೋಗುತ್ತದೆ. ಹಳ್ಳಿಯಲ್ಲಿ ನಿಂತವನ ಮೇಲೆ ಅವನ ಮೂರೂ ಏಟು ತಗಲುವುದು ನೂರು ಸಲದಲ್ಲಿ ಸುಮಾರು 6 ಸಲ ಮಾತ್ರ. ಅದೇ ಮನುಷ್ಯ ನೀರಿನಲ್ಲಿದ್ದರೆ ನೂರರಲ್ಲಿ 51 ಸಲ ಮೂರೂ ತಗಲುತ್ತವೆ. ಈಟಿಯೂ ಅದೇ, ಕೈಯೂ ಅದೇ. ಎದುರಾಳಿ ಹೊಳೆಗೆ ಇಳಿಯುವವರೆಗೆ ದಡದಲ್ಲಿ ಕಾಯ್ದವನು ಗೆಲ್ಲುತ್ತಾನೆ.

ಮಲೆನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಿರಸಿ ಕಡೆಯ ಮತ್ತಿಘಟ್ಟದ ಸುತ್ತಿನ ಸೀಮೆಯಲ್ಲಿ ಕಾಡು, ಗುಡ್ಡ, ಕಣಿವೆಯೊಳಗಿನ ಅಡಿಕೆ ತೋಟ, ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳ, ಇವೆಲ್ಲ ಒಂದರ ಪಕ್ಕ ಒಂದಿವೆ. ನಕ್ಷೆಯಲ್ಲಿ ಹತ್ತಿರ ಕಾಣುವ ಊರು ನಡೆದು ಹೋಗುವಾಗ ದೂರವಾಗುವುದು ಇಲ್ಲಿನವರ ದಿನನಿತ್ಯದ ಅನುಭವ. ವೆಸ್ನೋತ್‌ನಲ್ಲೂ ಬಯಲಲ್ಲಿ ಐದು ಮನೆ ನಡೆಯುವ ಕಾಲಾಳು ಗುಡ್ಡ ಹತ್ತುವಾಗ ಎರಡು ಮನೆಗೇ ನಿಲ್ಲುತ್ತಾನೆ. ಕುದುರೆ ಸವಾರನ ಪಾಡು ಕಾಡಿನಲ್ಲಿ ಇನ್ನೂ ಕಷ್ಟದ್ದು.

ಎರಡನೆಯದು ಹೊತ್ತು. ಆರು ಸರದಿಗಳಿಗೆ ಒಂದು ದಿನ: ಬೆಳಗಿನ ಜಾವ, ಪೂರ್ವಾಹ್ನ, ಅಪರಾಹ್ನ, ಮುಸ್ಸಂಜೆ, ಇರುಳಿನ ಎರಡು ಜಾವಗಳು. ಈಟಿಯಾಳಿನಂಥ ಹಗಲಿನ ಯೋಧರ ಏಟಿಗೆ ಹಗಲಿನಲ್ಲಿ ನೂರಕ್ಕೆ 25ರಷ್ಟು ಬಲ ಹೆಚ್ಚು, ಇರುಳಿನಲ್ಲಿ ಅಷ್ಟೇ ಕಡಿಮೆ. ಓರ್ಕ್‌ಗಳಿಗೂ ಅಸ್ಥಿಪಂಜರಗಳಿಗೂ ಇದು ತಿರುವುಮುರುವು. ಎಲ್ಫ್‌ಗಳಿಗೆ ಹಗಲು ಇರುಳು ಎರಡೂ ಸಮ. ಆದ್ದರಿಂದ ಹಗಲಿನಲ್ಲಿ ಮುನ್ನುಗ್ಗಿದ ದಂಡು ಕತ್ತಲಾಗುವ ಮೊದಲು ಹಿಂದೆ ಸರಿದು ಹಳ್ಳಿಗಳನ್ನೋ ಗುಡ್ಡವನ್ನೋ ಹಿಡಿದು ಕೂರಬೇಕು. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಗೆಲ್ಲುತ್ತಿರುವಾಗ ಹಿಂದೆ ಸರಿಯಲು ಮನಸ್ಸು ಒಪ್ಪುವುದಿಲ್ಲ. ಎರಡು ಸರದಿ ಕಳೆಯುವಷ್ಟರಲ್ಲಿ ಕತ್ತಲು ಮುತ್ತಿ, ಗೆದ್ದ ದಂಡು ಬಯಲಲ್ಲಿ ಕರಗಿಹೋಗುತ್ತದೆ. ಹಿಮ್ಮೆಟ್ಟುವುದೂ ಯುದ್ಧವಿದ್ಯೆಯ ಭಾಗ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ಇನ್ನೊಂದು ಆಟ ಸಿಗುವುದು ಕಷ್ಟ.

ಹಣದ ಲೆಕ್ಕ ಸರಳ. ಹಿಡಿದ ಹಳ್ಳಿಯೊಂದರಿಂದ ಸಾಮಾನ್ಯವಾಗಿ ಸರದಿಗೆ ಎರಡು ನಾಣ್ಯ ಬರುತ್ತದೆ, ಗಾಯಗೊಂಡವರು ಅಲ್ಲಿ ತಂಗಿದರೆ ಸರದಿಗೆ 8 ಅಂಶ ಪ್ರಾಣ ಮರಳುತ್ತದೆ. ಆದರೆ ದಂಡು ಬೆಳೆದ ಹಾಗೆ ಅದನ್ನು ಸಾಕುವ ಖರ್ಚೂ ಬೆಳೆಯುತ್ತದೆ. ಹಳ್ಳಿಗಳನ್ನು ಕಳೆದುಕೊಂಡ ದೊಡ್ಡ ಸೈನ್ಯ ತನ್ನ ಬೊಕ್ಕಸವನ್ನು ತಾನೇ ತಿಂದು ಮುಗಿಸುತ್ತದೆ. ಬದುಕುಳಿದ ಯೋಧ ಅನುಭವ ಗಳಿಸಿ ಮೇಲಿನ ದರ್ಜೆಗೆ ಏರುತ್ತಾನೆ, ಕಥೆಯ ಮುಂದಿನ ಅಧ್ಯಾಯದಲ್ಲಿ 20 ನಾಣ್ಯ ಕೊಟ್ಟು ಅವನನ್ನೇ ಮತ್ತೆ ಕರೆಸಿಕೊಳ್ಳಬಹುದು. ಹೀಗಾಗಿ ಆಟಗಾರನಿಗೆ ತನ್ನ ಸೈನಿಕರ ಮೇಲೆ ಅಕ್ಕರೆ ಹುಟ್ಟುತ್ತದೆ. ಹೆಸರಿರುವ, ನಾಲ್ಕು ಯುದ್ಧ ಕಂಡ ಬಿಲ್ಲಾಳನ್ನು ಸುಮ್ಮನೆ ಬಲಿ ಕೊಡಲು ಕೈ ಹಿಂಜರಿಯುತ್ತದೆ. ಪರದೆಯ ಮೇಲೆ ರಕ್ತ ಚಿಮ್ಮಿಸುವ ಆಟಗಳಲ್ಲಿ ಜೀವಕ್ಕೆ ಬೆಲೆಯಿಲ್ಲ ಎಂದು ಆತಂಕಪಡುವವರು ಈ ಒಂದು ಅಂಶವನ್ನು ಗಮನಿಸಬೇಕು.

ಈ ಆಟದ ಬಗ್ಗೆ ಅತಿ ಹೆಚ್ಚು ದೂರು ಕೇಳಿಬರುವುದು ಅದೃಷ್ಟದ ವಿಷಯದಲ್ಲಿ. ಪ್ರತಿ ಏಟಿಗೂ ಕಂಪ್ಯೂಟರ್ ದಾಳ ಹಾಕುತ್ತದೆ. ನೂರಕ್ಕೆ 60 ತಗಲಬೇಕಾದ ಏಟು ಸಾಲಾಗಿ ಮೂರು ಸಲ ತಪ್ಪಿದಾಗ ಯಂತ್ರ ಮೋಸ ಮಾಡಿತೆಂದು ಅನ್ನಿಸುವುದು ಸಹಜ. ಲೆಕ್ಕ ಹಾಕಿದರೆ, ಮೂರೂ ತಪ್ಪುವುದು ನೂರರಲ್ಲಿ ಆರು ಸಲ ಆಗಲೇಬೇಕಾದ ಸಂಗತಿ. ಒಂದು ಯುದ್ಧದಲ್ಲಿ ಇಂಥ ನೂರಾರು ಏಟು ಬೀಳುವುದರಿಂದ ಪ್ರತಿ ಯುದ್ಧದಲ್ಲೂ ಕೆಲವು ಸಲ ಹೀಗಾಗುತ್ತದೆ. ಚದುರಂಗದ ಅಭ್ಯಾಸವಿದ್ದವರಿಗೆ ಇದು ಸಹಿಸಲು ಕಷ್ಟ, ಏಕೆಂದರೆ ಅಲ್ಲಿ ಸೋಲಿಗೆ ತಪ್ಪು ನಡೆಯೇ ಕಾರಣ. ವೆಸ್ನೋತ್‌ನಲ್ಲಿ ಸರಿಯಾದ ನಡೆಯೂ ಒಮ್ಮೊಮ್ಮೆ ಸೋಲುತ್ತದೆ. ಒಂದು ಏಟು ತಪ್ಪಿದರೆ ಏನು ಮಾಡುವುದೆಂದು ಮೊದಲೇ ಯೋಚಿಸಿಟ್ಟವನು, ಹಿಂದೆ ಒಬ್ಬ ಕಾಲಾಳನ್ನು ಕಾಪಿಗೆ ನಿಲ್ಲಿಸಿದವನು, ಕೊನೆಯಲ್ಲಿ ಉಳಿಯುತ್ತಾನೆ. ಮಳೆಯನ್ನೂ ಮಾರುಕಟ್ಟೆಯ ಧಾರಣೆಯನ್ನೂ ನಂಬಿ ಬದುಕುವ ಅಡಿಕೆ ಸೀಮೆಯಲ್ಲಿ ಈ ಬಗೆಯ ಲೆಕ್ಕಾಚಾರ ಯಾರಿಗೂ ಅಪರಿಚಿತವಲ್ಲ. ಕೆಟ್ಟ ದಾಳ ಬಿದ್ದಾಗಲೆಲ್ಲ ಉಳಿಸಿಟ್ಟ ಆಟವನ್ನು ತೆರೆದು ಮತ್ತೆ ಮತ್ತೆ ಅದೇ ಏಟು ಹೊಡೆಸಿನೋಡುವ ಅಭ್ಯಾಸ ಅನೇಕರಿಗಿದೆ. ಆಟ ಅದನ್ನು ತಡೆಯುವುದಿಲ್ಲ. ಹಾಗೆ ಆಡಿದರೆ ಅಧ್ಯಾಯ ಮುಗಿಯುತ್ತದೆ, ಆದರೆ ಆಟ ಕಲಿಸಬೇಕಾದ ಮುಖ್ಯ ಪಾಠ ಕೈತಪ್ಪುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಆಡುವವರ ವಿಷಯ. ಈ ಆಟದ ನಿಜವಾದ ಹಿರಿಮೆ ಮಾಡುವವರ ವಿಷಯದಲ್ಲಿದೆ. ಆಟದ ಎಂಜಿನ್ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿದೆ, ಅದು ಕಲಿತವರಿಗೆ ಮಾತ್ರ. ಆದರೆ ಕಥೆ, ಯೋಧರ ಗುಣಗಳು, ಯುದ್ಧದ ಸನ್ನಿವೇಶಗಳು ಎಲ್ಲವನ್ನೂ ಡಬ್ಲ್ಯುಎಂಎಲ್ ಎಂಬ ಸರಳ ಗುರುತುಭಾಷೆಯಲ್ಲಿ, ಸಾದಾ ಬರಹದ ಫೈಲುಗಳಲ್ಲಿ ಇಟ್ಟಿದ್ದಾರೆ. ಈಟಿಯಾಳಿನ ಬೆಲೆ 14 ಎಂದು ಬರೆದ ಸಾಲು ಕಣ್ಣಿಗೆ ಕಾಣುತ್ತದೆ. ಅದನ್ನು 10 ಎಂದು ತಿದ್ದಿ ಉಳಿಸಿದರೆ ಆಟದಲ್ಲಿ ಅವನು ಹತ್ತಕ್ಕೇ ಸಿಗುತ್ತಾನೆ. ನಕ್ಷೆಯೂ ಅಷ್ಟೇ, ಅಲ್ಪವಿರಾಮಗಳಿಂದ ಬೇರ್ಪಡಿಸಿದ ಅಕ್ಷರಗಳ ಸಾಲುಗಳು. ಒಂದು ಅಕ್ಷರಜೋಡಿ ಹುಲ್ಲಿಗೆ, ಇನ್ನೊಂದು ಗುಡ್ಡಕ್ಕೆ, ಮತ್ತೊಂದು ಆಳದ ನೀರಿಗೆ. ಮಳೆಕಾಡಿಗೂ ತಾಳೆಜಾತಿಯ ಮರಗಳ ತೋಪಿಗೂ ಪ್ರತ್ಯೇಕ ಗುರುತುಗಳಿವೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಹೈಸ್ಕೂಲು ಹುಡುಗಿಯೂ ಹೀಗೆ ತಿದ್ದುತ್ತ ತಿದ್ದುತ್ತ ತನ್ನದೇ ಒಂದು ಯುದ್ಧವನ್ನು ಕಟ್ಟಬಲ್ಲಳು.

ಕಟ್ಟಲು ವಸ್ತು ಹುಡುಕಿ ದೂರ ಹೋಗಬೇಕಿಲ್ಲ. ಸೋಂದೆ ಇರುವುದು ಶಿರಸಿ ತಾಲ್ಲೂಕಿನಲ್ಲೇ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಅದರ ಬೆನ್ನಿಗೇ ಸೋಂದೆಯನ್ನೂ ಹಿಡಿದ, ಸೋಂದೆಯ ಅರಸ ಗೋವೆಯ ಪೋರ್ಚುಗೀಸರ ಆಶ್ರಯಕ್ಕೆ ಹೋದ. ಈ ಪ್ರಸಂಗವನ್ನು ವೆಸ್ನೋತ್‌ನ ಸನ್ನಿವೇಶವಾಗಿ ಬರೆಯುವುದಾದರೆ ಮೊದಲು ನಕ್ಷೆ ಬೇಕು: ಪೂರ್ವಕ್ಕೆ ಬಯಲುಸೀಮೆಯ ಅಂಚು, ನಡುವೆ ಶಾಲ್ಮಲೆ ಹರಿಯುವ ಕಾಡು, ಪಶ್ಚಿಮಕ್ಕೆ ಕಡಿದಾದ ಘಟ್ಟ, ಘಟ್ಟ ಇಳಿದರೆ ಕರಾವಳಿ. ಆಕ್ರಮಣ ಮಾಡುವ ಕಡೆ ಕುದುರೆ ಹೆಚ್ಚು, ಹಣ ಹೆಚ್ಚು. ಕಾಡಿನಲ್ಲಿ ಆ ಕುದುರೆಗಳಿಗೆ ವೇಗವಿಲ್ಲ. ರಕ್ಷಣೆಯ ಕಡೆ ಜನ ಕಡಿಮೆ, ಆದರೆ ನೆಲ ಅವರದು. ಅರಸನನ್ನು ಕೊಲ್ಲುವುದೇ ಗೆಲುವಿನ ನಿಯಮವಾಗಬೇಕಿಲ್ಲ. ನಿಗದಿತ ಸರದಿಗಳೊಳಗೆ ಅರಸ ಘಟ್ಟ ಇಳಿದು ಪಾರಾದರೆ ರಕ್ಷಣೆಯವರು ಗೆದ್ದಂತೆ ಎಂದು ಬರೆಯಬಹುದು. ಇಂತಿಷ್ಟನೇ ಸರದಿಗೆ ಮಳೆ ಹಿಡಿದು ಗದ್ದೆಬಯಲೆಲ್ಲ ಜೌಗಾಗಲಿ ಎಂಬ ಆಜ್ಞೆಯನ್ನೂ ಡಬ್ಲ್ಯುಎಂಎಲ್‌ನಲ್ಲಿ ಕೆಲವೇ ಸಾಲುಗಳಲ್ಲಿ ಕೊಡಬಹುದು. ಇಂಥದ್ದೊಂದನ್ನು ಬರೆಯಲು ಕುಳಿತ ವಿದ್ಯಾರ್ಥಿ ಯಾವ ದಾರಿಯಲ್ಲಿ ಸೈನ್ಯ ಬಂದಿರಬಹುದು, ಯಾವ ತಿಂಗಳಲ್ಲಿ, ದಂಡಿಗೆ ಅಕ್ಕಿ ಎಲ್ಲಿಂದ ಎಂದೆಲ್ಲ ಕೇಳಲೇಬೇಕಾಗುತ್ತದೆ. ಇಸವಿ ಬಾಯಿಪಾಠ ಮಾಡಿಸುವ ಇತಿಹಾಸದ ತರಗತಿಯಲ್ಲಿ ಈ ಪ್ರಶ್ನೆಗಳು ಏಳುವುದು ಅಪರೂಪ.

ಅನುವಾದದ ದಾರಿಯೂ ಹೀಗೆಯೇ ತೆರೆದಿದೆ. ಆಟದ ವಾಕ್ಯಗಳೆಲ್ಲ ಅನುವಾದಕ್ಕೆಂದೇ ಇರುವ ಪ್ರತ್ಯೇಕ ಫೈಲುಗಳಲ್ಲಿವೆ. ಮೇಲೆ ಇಂಗ್ಲಿಷ್ ಸಾಲು, ಕೆಳಗೆ ಅನುವಾದಕ್ಕೆ ಖಾಲಿ ಜಾಗ. ಫೈರ್‌ಫಾಕ್ಸ್ ಬ್ರೌಸರನ್ನೂ ಗ್ನೋಮ್ ಡೆಸ್ಕ್‌ಟಾಪನ್ನೂ ಕನ್ನಡಕ್ಕೆ ತಂದವರು ಇದೇ ಬಗೆಯ ಕೆಲಸ ಮಾಡಿದವರು. ಯೋಧ ಗಂಡೋ ಹೆಣ್ಣೋ ಎಂಬುದಕ್ಕೆ ಬೇರೆ ಬೇರೆ ಸಾಲುಗಳನ್ನು ಮೊದಲೇ ಇಟ್ಟಿರುವುದರಿಂದ ಅವನು, ಅವಳು ಎಂದು ಕ್ರಿಯಾಪದ ಬದಲಾಗುವ ಕನ್ನಡಕ್ಕೆ ಅನುಕೂಲವೇ ಇದೆ. ಯಕ್ಷಗಾನದ ಯುದ್ಧಪ್ರಸಂಗಗಳನ್ನು ಕೇಳುತ್ತ ಬೆಳೆದ ಸೀಮೆಯಲ್ಲಿ ವೀರರ ಮಾತನ್ನು ಕನ್ನಡದಲ್ಲಿ ಬರೆಯಬಲ್ಲವರಿಗೆ ಕೊರತೆಯಾಗಲಾರದು.

ಕರ್ನಾಟಕಕ್ಕೂ ಕಂಪ್ಯೂಟರ್ ಆಟಕ್ಕೂ ನಂಟು ಹಳೆಯದು. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಕಂಪನಿ ಹುಟ್ಟಿದ್ದು 1997ರಲ್ಲಿ. ಅದು ಮುಖ್ಯವಾಗಿ ವಿದೇಶಿ ಕಂಪನಿಗಳ ದೊಡ್ಡ ಆಟಗಳಿಗೆ ಚಿತ್ರ, ವಾಹನ, ಪಾತ್ರಗಳನ್ನು ಮಾಡಿಕೊಡುತ್ತಿತ್ತು. 2019ರಲ್ಲಿ ರಾಕ್‌ಸ್ಟಾರ್ ಕಂಪನಿಯ ಪಾಲಾಯಿತು. ಅಲ್ಲಿ ಕೆಲಸ ಕಲಿತವರು ನೂರಾರು ಮಂದಿ, ಆದರೆ ಆಟ ಇನ್ನೊಬ್ಬರದು. ಇತ್ತೀಚೆಗೆ ಬೆಂಗಳೂರಿನ ಸ್ಟುಡಿಯೊ ಸಿರಾ ಎಂಬ ಸಣ್ಣ ತಂಡ ಮಹಾಭಾರತದ ವೀರರನ್ನು ಇಟ್ಟುಕೊಂಡು ‘ಕುರುಕ್ಷೇತ್ರ: ಅಸೆನ್ಶನ್’ ಎಂಬ ಕಾರ್ಡಿನ ಯುದ್ಧದ ಆಟವನ್ನು ಮಾಡಿದೆ. ಈ ನೆಲದ ಕಥೆಯನ್ನು ಈ ನೆಲದವರೇ ಆಟವಾಗಿಸುವುದು ಒಳ್ಳೆಯ ಬೆಳವಣಿಗೆ. ಆದರೆ ಇಂಥ ಆಟಕ್ಕೆ ಬಂಡವಾಳ ಬೇಕು, ಬಂಡವಾಳಕ್ಕೆ ಗಳಿಕೆ ಬೇಕು. ವೆಸ್ನೋತ್‌ನಂಥ ಆಟ ಬೇಡುವುದು ಹಲವರ ಬಿಡುವಿನ ವೇಳೆಯನ್ನು ಮಾತ್ರ, ಅದು ಶಿರಸಿಯಲ್ಲೂ ಸಿಗುತ್ತದೆ.

ಹಳ್ಳಿಯ ಮನೆಗೆ ಈ ಆಟ ಹೊಂದಿಕೊಳ್ಳುವುದಕ್ಕೆ ಇನ್ನೂ ಕೆಲವು ಕಾರಣಗಳಿವೆ. ಒಮ್ಮೆ ಇಳಿಸಿಕೊಂಡರೆ ಒಬ್ಬರೇ ಆಡಲು ಇಂಟರ್ನೆಟ್ ಬೇಡ. ಘಟ್ಟದ ಅಂಚಿನ ಊರುಗಳಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತುವವರಿಗೆ ಇದು ಸಣ್ಣ ಸಂಗತಿಯಲ್ಲ. ಕೆಲವು ವರ್ಷ ಹಳೆಯದಾದ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ, ವಿಂಡೋಸ್ ಆದರೂ ಸರಿ, ಲಿನಕ್ಸ್ ಆದರೂ ಸರಿ. ಪ್ರತಿ ಸರದಿಯೂ ತಾನಾಗಿಯೇ ಉಳಿಯುವುದರಿಂದ ಮಳೆಗಾಲದಲ್ಲಿ ಕರೆಂಟು ಹೋದರೆ ನಷ್ಟವಾಗುವುದು ಹೆಚ್ಚೆಂದರೆ ಒಂದು ಸರದಿ. ಒಂದೇ ಕಂಪ್ಯೂಟರಿನ ಮುಂದೆ ಅಣ್ಣತಮ್ಮಂದಿರು ಸರದಿಯ ಮೇಲೆ ಕುಳಿತೂ ಆಡಬಹುದು. ಹಿರಿಯರು ಎಚ್ಚರ ವಹಿಸಬೇಕಾದದ್ದು ವೇಳೆಯ ವಿಷಯದಲ್ಲಿ. ಒಂದು ಸನ್ನಿವೇಶ ಎರಡು ಮೂರು ಗಂಟೆ ಹಿಡಿಯುವುದುಂಟು, ‘ಇನ್ನೊಂದೇ ಸರದಿ’ ಎಂಬ ಮಾತಿಗೆ ಕೊನೆಯಿಲ್ಲ. ಇನ್ನು ಇಂಟರ್ನೆಟ್ಟಿನಲ್ಲಿ ಅಪರಿಚಿತರ ಜೊತೆ ಆಡುವ ವಿಭಾಗವನ್ನು ಚಿಕ್ಕ ಮಕ್ಕಳಿಗೆ ಬಿಡದಿರುವುದೇ ಸರಿ.

ಆರಂಭಿಸುವವರು ಮೊದಲು ಆಟದೊಳಗೇ ಇರುವ ಪಾಠವನ್ನು ಮುಗಿಸಬೇಕು, ಅದು ಹೆಚ್ಚು ಹೊತ್ತಿನದಲ್ಲ. ಆಮೇಲೆ ‘ಎ ಟೇಲ್ ಆಫ್ ಟೂ ಬ್ರದರ್ಸ್’ ಎಂಬ ನಾಲ್ಕು ಸನ್ನಿವೇಶಗಳ ಚಿಕ್ಕ ಕಥೆ, ನಂತರ ‘ದಿ ಸೌತ್ ಗಾರ್ಡ್’. ಆಟದ ಮೊದಲ ಕಥೆಗಳಲ್ಲಿ ಒಂದಾದ ‘ಏರ್ ಟು ದಿ ಥ್ರೋನ್’ ಬಹಳ ದೊಡ್ಡದು, ಕಿತ್ತುಕೊಂಡ ಸಿಂಹಾಸನಕ್ಕಾಗಿ ಹೋರಾಡುವ ರಾಜಕುಮಾರನದು. ಅದಕ್ಕೆ ಕೈ ಹಾಕುವ ಮೊದಲು ಹಗಲು-ಇರುಳಿನ ಲೆಕ್ಕ ಮೈಗೂಡಿರಬೇಕು. ಸ್ವಂತ ನಕ್ಷೆ ಬರೆಯುವ ಆಸೆಯಿದ್ದವರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನಕ್ಷೆ ಬಿಡಿಸುವ ಸಲಕರಣೆ ಆಟದ ಮೊದಲ ಪುಟದಲ್ಲೇ ಇದೆ, ಬೇರೆ ತಂತ್ರಾಂಶ ಹಾಕಿಕೊಳ್ಳುವ ಅಗತ್ಯವಿಲ್ಲ.